ಧಾತುಪಾಕ ವಿಚಾರ ಮತ್ತು ಅಹಿಂಸಾವೈದ್ಯ : ಕಲ್ಯಾಣಕಾರಕ ಪರಂಪರೆಯ ಹಿನ್ನೆಲೆಯಲ್ಲಿ

ಜೈನಾಚಾರ್ಯರು ರಚಿಸಿದ ವೈದ್ಯಗ್ರಂಥಗಳ ವಿಷಯದಲ್ಲಿ ಎರಡು ಮಾತುಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಅವುಗಳ ಮೂಲವು ಹದಿನಾಲ್ಕು ಪೂರ್ವಗಳಲ್ಲಿ ಹನ್ನೆರಡನೆಯದಾದ ಪ್ರಾಣಾವಾಯ ಪೂರ್ವ ಎಂಬುದು ಒಂದು. ಅವು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದವು ಎಂಬುದು ಮತ್ತೊಂದು. ಎರಡೂ ಸರ್ವಸಮ್ಮತವಾದ ವಿಷಯಗಳೇ. ಆದರೆ ಈ ಮೂರು ವಸ್ತುಗಳನ್ನು ಬಿಟ್ಟ ವೈದ್ಯನು, ಇವುಗಳನ್ನೇ ಕೆಲವು ರೋಗಗಳಲ್ಲಿ ಮುಖ್ಯವೆಂದು ಹೇಳುವ ಧಾತುಸಿದ್ಧಾಂತದೊಡನೆ ಹೇಗೆ ಹೊಂದಿಕೊಂಡನು ಎಂಬ ಪ್ರಶ್ನೆಗೆ ದೊರೆಯಬೇಕಾದಷ್ಟು ಗಮನ ದೊರೆತಿಲ್ಲ. ಈಚಿನ ದಶಕಗಳಲ್ಲಿ ಇದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. ಪ್ರಾಚೀನರ ‘ಧಾತ್ವಗ್ನಿ’ಯೇ ಆಧುನಿಕರ ‘ಹಾರ್ಮೋನು’ ಎಂದೂ, ಥೈರಾಯ್ಡ್ ಮೊದಲಾದ ಗ್ರಂಥಿಗಳ ವಿಕಾರಗಳು ಧಾತ್ವಗ್ನಿಯ ವೈಷಮ್ಯವೇ ಎಂದೂ ಹೇಳುವ ಬರಹಗಳು ಹೆಚ್ಚಾಗಿವೆ. ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದರಿಂದ ಮತ್ತೊಂದಕ್ಕೆ ಬೆಳಕು ದೊರೆಯುತ್ತದೆ.

1

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಮಳೆ ಕಡಮೆಯ ನಾಡು. ಈ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಪತ್ತೆಹಚ್ಚಿದರು. ತಂದೆತಾಯಿಗಳ ಸೇವೆ, ಸತ್ಯವಚನಗಳ ಜೊತೆಗೆ ಪ್ರಾಣಿಗಳಲ್ಲಿ ದೃಢವಾದ ದಯೆಯನ್ನೂ ಬ್ರಹ್ಮಗಿರಿಯ ಶಾಸನವು ವಿಧಿಸುತ್ತದೆ. ನೆರೆಯ ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅದೇ ಅರಸನ ಹಿರಿಯ ಬಂಡೆಶಾಸನಗಳಿದ್ದು, ಅವುಗಳಲ್ಲಿ ಎರಡನೆಯದು ಮನುಷ್ಯಚಿಕಿತ್ಸೆ, ಪಶುಚಿಕಿತ್ಸೆ ಎಂಬ ಎರಡು ಬಗೆಯ ಚಿಕಿತ್ಸೆಗಳನ್ನೂ, ಅವಕ್ಕೆ ಬೇಕಾದ ಔಷಧಿಗಿಡ, ಬೇರು, ಹಣ್ಣುಗಳನ್ನು ತರಿಸಿ ನೆಡಿಸಿದುದನ್ನೂ ತಿಳಿಸುತ್ತದೆ. ಪ್ರಾಣಿದಯೆಯೂ ವೈದ್ಯವೂ ಒಂದೇ ಧರ್ಮದ ಎರಡು ಅಂಗಗಳೆಂಬ ಭಾವನೆ ಈ ಭಾಗದ ಬಂಡೆಗಳ ಮೇಲೆ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ಲಿಖಿತವಾಗಿತ್ತು.

ಚಳ್ಳಕೆರೆ ತಾಲ್ಲೂಕಿನ ತಳಕು ಗ್ರಾಮವು ಕನ್ನಡ ವಿದ್ವಲ್ಲೋಕಕ್ಕೆ ಟಿ. ಎಸ್. ವೆಂಕಣ್ಣಯ್ಯನವರ ಮೂಲಕ ಪರಿಚಿತವಾದುದು. ಅದೇ ಮನೆತನದ ತ. ರಾ. ಸು. ಅವರ ಐತಿಹಾಸಿಕ ಕಾದಂಬರಿಗಳಲ್ಲಿ ‘ನೃಪತುಂಗ’ವೂ ಒಂದು. ಆ ರಾಷ್ಟ್ರಕೂಟ ಚಕ್ರವರ್ತಿಯ (ಕ್ರಿ.ಶ. 814–878) ಹೆಸರು ಸಾಹಿತ್ಯಚರಿತ್ರೆಯಲ್ಲಿ ‘ಕವಿರಾಜಮಾರ್ಗ’ದೊಡನೆ ಬೆಸೆದುಕೊಂಡಿರುವಂತೆ, ವೈದ್ಯಚರಿತ್ರೆಯಲ್ಲಿ ಉಗ್ರಾದಿತ್ಯಾಚಾರ್ಯನ ಸಂಸ್ಕೃತ ‘ಕಲ್ಯಾಣಕಾರಕ’ದೊಡನೆ ಬೆಸೆದುಕೊಂಡಿದೆ. ಶ್ರೀನಂದಿ ಆಚಾರ್ಯರ ಶಿಷ್ಯನಾದ ಉಗ್ರಾದಿತ್ಯನು ರಾಮಗಿರಿಯಲ್ಲಿದ್ದು ಈ ಗ್ರಂಥವನ್ನು ರಚಿಸಿದನು. ಇಪ್ಪತ್ತೈದು ಪರಿಚ್ಛೇದಗಳ ಅನಂತರ ರಿಷ್ಟಾಧ್ಯಾಯ, ಹಿತಾಹಿತಾಧ್ಯಾಯ ಎಂಬ ಎರಡು ಪರಿಶಿಷ್ಟಗಳು ಇದರಲ್ಲಿವೆ. ಹಿತಾಹಿತಾಧ್ಯಾಯವು ನೃಪತುಂಗನ ಸಭೆಯಲ್ಲಿ, ವಿದ್ವಾಂಸರ ಮತ್ತು ವೈದ್ಯರ ಸಮ್ಮುಖದಲ್ಲಿ, ಮಾಂಸವು ಹಿತವಲ್ಲವೆಂದು ಪ್ರತಿಪಾದಿಸಿದ ವಾದವಾಗಿದೆ. ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಹಿಂದಿ ಅನುವಾದದೊಡನೆ ಸಂಪಾದಿಸಿದ ಈ ಗ್ರಂಥವು 1940ರಲ್ಲಿ ಸೋಲಾಪುರದಿಂದ ಪ್ರಕಟವಾಯಿತು.

ಅರಸನ ಸಭೆಯಲ್ಲಿ ಇಂತಹ ವಾದ ಏಕೆ ಬೇಕಾಯಿತು? ಮಾಂಸವರ್ಜನೆಯು ಧರ್ಮವೆಂದು ಸಾಧಿಸುವುದಷ್ಟೇ ಉದ್ದೇಶವಾಗಿದ್ದರೆ ಶ್ರಾವಕಾಚಾರದ ಗ್ರಂಥಗಳು ಸಾಕಾಗುತ್ತಿದ್ದವು. ವೈದ್ಯರ ಎದುರಿನಲ್ಲಿ ಬೇಕಾದುದು ವೈದ್ಯಶಾಸ್ತ್ರದ ಪ್ರಮಾಣ. ಆ ಪ್ರಮಾಣದ ನೆಲೆ ಯಾವುದೆಂದು ತಿಳಿಯಲು ಧಾತುಪಾಕದ ಸಿದ್ಧಾಂತವನ್ನು ಸಂಕ್ಷೇಪವಾಗಿಯಾದರೂ ನೋಡಬೇಕಾಗಿದೆ.

2

ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಏಳು ಧಾತುಗಳು ಆಹಾರದಿಂದಲೇ ಪೋಷಣೆಗೊಳ್ಳುತ್ತವೆ ಎಂಬುದು ಆಯುರ್ವೇದದ ಮೂಲತತ್ತ್ವ. ಚರಕಸಂಹಿತೆಯ ಗ್ರಹಣೀಚಿಕಿತ್ಸಾಧ್ಯಾಯದ ಪ್ರಕಾರ ಜಠರಾಗ್ನಿ ಒಂದು, ಭೂತಾಗ್ನಿಗಳು ಐದು, ಧಾತ್ವಗ್ನಿಗಳು ಏಳು; ಒಟ್ಟು ಹದಿಮೂರು ಅಗ್ನಿಗಳು. ಜಠರದಲ್ಲಿ ಪಕ್ವವಾದ ಅನ್ನರಸವು ಒಂದೊಂದು ಧಾತುವಿನಲ್ಲಿಯೂ ಅದರದೇ ಅಗ್ನಿಯಿಂದ ಮತ್ತೆ ಪಕ್ವವಾಗಿ, ಪ್ರಸಾದವೆಂದೂ ಕಿಟ್ಟವೆಂದೂ ಇಬ್ಭಾಗವಾಗುತ್ತದೆ. ರಸವು ಶುಕ್ರವಾಗಿ ಪರಿಣಮಿಸಲು ಒಂದು ತಿಂಗಳು ಬೇಕೆಂದು ಸುಶ್ರುತನ ಮತ. ಒಂದೊಂದು ಧಾತುವಿನಲ್ಲಿ 3015 ಕಲೆಗಳಂತೆ ಒಟ್ಟು 18090 ಕಲೆಗಳೆಂದು ಆತನು ಗಣನೆಯನ್ನೂ ಕೊಟ್ಟಿದ್ದಾನೆ. ಹಾಲು ಮೊಸರಾಗುವಂತೆ ಧಾತುವು ಪೂರ್ಣವಾಗಿ ಮುಂದಿನ ಧಾತುವಾಗುವುದೋ, ಕಾಲುವೆಯ ನೀರು ಗದ್ದೆಯಿಂದ ಗದ್ದೆಗೆ ಹರಿಯುವಂತೆ ರಸವು ಕ್ರಮವಾಗಿ ಎಲ್ಲವನ್ನೂ ತಣಿಸುವುದೋ, ಕಣದ ಕಾಳಿಗೆ ಬಂದ ಪಾರಿವಾಳಗಳು ತಮ್ಮ ತಮ್ಮ ಗೂಡಿಗೆ ಮರಳುವಂತೆ ಅಂಶಗಳು ಬೇರೆಬೇರೆ ದಾರಿಗಳಲ್ಲಿ ಹೋಗುವುವೋ ಎಂಬ ಮೂರು ನ್ಯಾಯಗಳನ್ನು ಹನ್ನೊಂದನೆಯ ಶತಮಾನದ ಚಕ್ರಪಾಣಿದತ್ತನು ಚರ್ಚಿಸಿದ್ದಾನೆ.

ಇದರ ಜೊತೆಗೆ ಮತ್ತೊಂದು ತತ್ತ್ವವುಂಟು. ಸಾಮಾನ್ಯವು ವೃದ್ಧಿಗೆ ಕಾರಣ, ವಿಶೇಷವು ಹ್ರಾಸಕ್ಕೆ ಕಾರಣ. ಎಂದರೆ ಸಮಾನವಾದುದು ಸಮಾನವಾದುದನ್ನು ಬೆಳೆಸುತ್ತದೆ. ಇದನ್ನು ನೇರವಾಗಿ ಅನ್ವಯಿಸಿದರೆ ಮಾಂಸಧಾತುವನ್ನು ಬೆಳೆಸಲು ಮಾಂಸವೇ ಶ್ರೇಷ್ಠವೆಂದಾಗುತ್ತದೆ. ರಾಜಯಕ್ಷ್ಮದಲ್ಲಿ ಕೃಶನಾದ ರೋಗಿಗೆ ಚರಕನು ಮಾಂಸರಸಗಳನ್ನು ವಿಧಿಸುವುದು ಈ ತತ್ತ್ವದಿಂದಲೇ. ಇದಕ್ಕೆ ವಿರುದ್ಧವಾದ ಕಡೆಯಲ್ಲಿ, ಎಂದರೆ ಮೇದಸ್ಸು ಅತಿಯಾಗಿ ಬೆಳೆದ ಸ್ಥೌಲ್ಯದಲ್ಲಿಯೂ ಪ್ರಮೇಹದಲ್ಲಿಯೂ, ಕಫಮೇದೋಹರವಾದ ಮಧುವು ಅನೇಕ ಯೋಗಗಳ ಅನುಪಾನವಾಗಿದೆ. ಹೀಗೆ ಧಾತುಕ್ಷಯದಲ್ಲಿ ಮಾಂಸ, ಧಾತುವೃದ್ಧಿಯಲ್ಲಿ ಮಧು. ಜೈನವೈದ್ಯನು ತ್ಯಜಿಸಿದುದು ಈ ಎರಡು ಕೊನೆಗಳಲ್ಲಿಯೂ ಪ್ರಧಾನವಾಗಿದ್ದ ದ್ರವ್ಯಗಳನ್ನು. ತ್ಯಾಗವು ಎಷ್ಟು ದೊಡ್ಡದಾಗಿತ್ತು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದರೆ ಈ ತ್ಯಾಗಕ್ಕೆ ಅವಕಾಶವು ಚರಕಸಂಹಿತೆಯೊಳಗೇ ಇದೆ. ಶಾರೀರಸ್ಥಾನದ ಆರನೆಯ ಅಧ್ಯಾಯದಲ್ಲಿ, ಧಾತುವಿಗೆ ಸಜಾತೀಯವಾದ ಆಹಾರವು ದೊರೆಯದಿದ್ದರೆ ಅಥವಾ ಜುಗುಪ್ಸೆಯಿಂದಾಗಲಿ ಬೇರೆ ಕಾರಣದಿಂದಾಗಲಿ ಅದನ್ನು ಸೇವಿಸಲಾಗದಿದ್ದರೆ, ಬೇರೆ ಜಾತಿಯದಾದರೂ ಸಮಾನಗುಣಗಳು ಹೆಚ್ಚಾಗಿರುವ ಆಹಾರವನ್ನು ಕೊಡಬೇಕೆಂದು ಹೇಳಿ, ಶುಕ್ರಕ್ಷಯದಲ್ಲಿ ಹಾಲುತುಪ್ಪಗಳ ಉಪಯೋಗವನ್ನು ಉದಾಹರಿಸಲಾಗಿದೆ. ಅದೇ ಸಂಹಿತೆಯ ಸೂತ್ರಸ್ಥಾನದಲ್ಲಿ ಗೋಕ್ಷೀರಕ್ಕೂ ಓಜಸ್ಸಿಗೂ ಹತ್ತು ಗುಣಗಳು ಸಮಾನವೆಂದು ಹೇಳಿದೆ. ದ್ರವ್ಯಸಾಮಾನ್ಯಕ್ಕಿಂತ ಗುಣಸಾಮಾನ್ಯವು ವ್ಯಾಪಕವಾದುದು; ಅಗ್ನಿಯು ಸರಿಯಾಗಿದ್ದರೆ ಧಾನ್ಯವೂ ಹಾಲೂ ಮಾಂಸಧಾತುವಾಗಿ ಪರಿಣಮಿಸುತ್ತವೆ. ಅಹಿಂಸಾವೈದ್ಯವು ನಿಂತಿರುವುದು ಈ ಸೂಕ್ಷ್ಮವಾದ ನೆಲೆಯ ಮೇಲೆಯೇ ಎಂದು ತಿಳಿಯಬಹುದಾಗಿದೆ. ಜೈನವೈದ್ಯನು ಧಾತುಸಿದ್ಧಾಂತವನ್ನು ನಿರಾಕರಿಸಲಿಲ್ಲ. ಅದರಲ್ಲಿ ದ್ರವ್ಯಕ್ಕಿದ್ದ ಪ್ರಾಧಾನ್ಯವನ್ನು ಪರಿಣಾಮಕ್ಕೆ ಕೊಟ್ಟನು.

ತಳಕಿನ ಸೀಮೆಯ ಹೊಲಗಳೇ ಇದಕ್ಕೆ ಒಳ್ಳೆಯ ನಿದರ್ಶನ. ನವಣೆ, ಹಾರಕಗಳು ಇಂತಹ ಒಣಭೂಮಿಯ ಹಳೆಯ ಬೆಳೆಗಳು. ಅಷ್ಟಾಂಗಹೃದಯದಲ್ಲಿ ಪ್ರಿಯಂಗು, ಎಂದರೆ ನವಣೆಯು, ಗುರುವೂ ಬೃಂಹಣವೂ ಆಗಿ ಮುರಿದ ಎಲುಬನ್ನು ಕೂಡಿಸುವುದೆಂದು ಹೇಳಿದೆ. ಕೋರದೂಷ, ಎಂದರೆ ಹಾರಕವು, ಅತ್ಯಂತ ಗ್ರಾಹಿ, ಶೀತ ಎಂದಿದೆ. ಸುಶ್ರುತನು ಪ್ರಮೇಹಿಯ ಪಥ್ಯಾನ್ನಗಳಲ್ಲಿ ಕೋದ್ರವವನ್ನು, ಎಂದರೆ ಈ ಹಾರಕವನ್ನೇ, ಸೇರಿಸಿದ್ದಾನೆ. ಒಂದೇ ಮಳೆಗೆ ಬೆಳೆಯುವ ಎರಡು ಕಿರುಧಾನ್ಯಗಳಲ್ಲಿ ಒಂದು ಧಾತುವನ್ನು ಪೋಷಿಸುವುದು, ಮತ್ತೊಂದು ಧಾತುವೃದ್ಧಿಯ ರೋಗಿಗೆ ಪಥ್ಯವಾಗುವುದು. ಬೃಂಹಣಕ್ಕೆ ಮಾಂಸವೂ ಕರ್ಶನಕ್ಕೆ ಮಧುವೂ ಅನಿವಾರ್ಯವಲ್ಲವೆಂಬುದಕ್ಕೆ ಸಸ್ಯವರ್ಗದಲ್ಲಿಯೇ ಸಾಕಷ್ಟು ಆಧಾರವಿದೆ. ಪ್ರಮೇಹಕ್ಕೆ ಹೇಳಿರುವ ತ್ರಿಫಲಾ, ಹರಿದ್ರಾ, ದಾರುಹರಿದ್ರಾ, ದೇವದಾರು, ಮುಸ್ತಾ ಮೊದಲಾದವೂ ಸಸ್ಯದ್ರವ್ಯಗಳೇ ಆಗಿವೆ.

3

ಇಲ್ಲಿ ಸಿದ್ಧಾಂತಗ್ರಂಥಗಳ ಒಂದು ವಿಷಯವನ್ನು ನೆನೆಯುವುದು ಉಚಿತ. ಉಗ್ರಾದಿತ್ಯನ ಕಾಲಕ್ಕೆ ಹತ್ತಿರದವರೇ ಆದ ವೀರಸೇನಾಚಾರ್ಯರು ಧವಲಾ ಟೀಕೆಯನ್ನು ಮುಗಿಸಿದುದು ಸಾಮಾನ್ಯವಾಗಿ ಕ್ರಿ.ಶ. 816 ಎಂದು ಎಣಿಸಲಾಗಿದೆ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಡಪತ್ರಗಳಲ್ಲಿ ಉಳಿದುಬಂದ ಈ ಮಹಾಗ್ರಂಥದಲ್ಲಿ ಪರ್ಯಾಪ್ತಿಗಳ ನಿರೂಪಣೆ ಬರುತ್ತದೆ. ಗ್ರಹಿಸಿದ ಪುದ್ಗಲಗಳನ್ನು ಖಲಭಾಗ, ರಸಭಾಗಗಳಾಗಿ ಪರಿಣಮಿಸುವ ಶಕ್ತಿಯು ಆಹಾರಪರ್ಯಾಪ್ತಿ. ಎಳ್ಳಿನ ಹಿಂಡಿಯಂತಿರುವ ಖಲಭಾಗವನ್ನು ಅಸ್ಥಿ ಮೊದಲಾದ ಸ್ಥಿರ ಅವಯವಗಳಾಗಿಯೂ, ಎಳ್ಳೆಣ್ಣೆಯಂತಿರುವ ರಸಭಾಗವನ್ನು ರಕ್ತ, ವಸೆ, ಶುಕ್ರ ಮೊದಲಾದ ದ್ರವ ಅವಯವಗಳಾಗಿಯೂ ಪರಿಣಮಿಸುವ ಶಕ್ತಿಯು ಶರೀರಪರ್ಯಾಪ್ತಿ. ದೇಹದೊಳಗೇ ಇದ್ದು ಭುಕ್ತವಾದ ಅನ್ನಪಾನಗಳನ್ನು ಪಚನಮಾಡುವ ಅನಿಸ್ಸರಣಾತ್ಮಕ ತೈಜಸಶರೀರದ ಮಾತೂ ಧವಲೆಯಲ್ಲಿದೆ. ಗೊಮ್ಮಟಸಾರದ ಮೂಲಕವೂ, ಅದಕ್ಕೆ ಕೇಶವವರ್ಣಿಯು 1359ರಲ್ಲಿ ಮುಗಿಸಿದ ಕನ್ನಡ ವೃತ್ತಿಯ ಮೂಲಕವೂ ಪರ್ಯಾಪ್ತಿಗಳ ವಿಚಾರವು ಕರ್ಣಾಟಕದ ಪಂಡಿತವರ್ಗಕ್ಕೆ ಸುಪರಿಚಿತವಾಯಿತು.

ವೈದ್ಯದ ಸಪ್ತಧಾತುಕ್ರಮಕ್ಕೂ ಸಿದ್ಧಾಂತದ ಖಲರಸವಿಭಾಗಕ್ಕೂ ಇರುವ ಅಂತರ ಗಮನಾರ್ಹವಾಗಿದೆ. ಒಂದರಲ್ಲಿ ಅಸ್ಥಿಯು ಐದನೆಯ ಮೆಟ್ಟಿಲು. ಮತ್ತೊಂದರಲ್ಲಿ ಅದು ಮೊದಲ ವಿಭಾಗದಲ್ಲಿಯೇ ರಕ್ತದಿಂದ ಬೇರೆಯಾಗುತ್ತದೆ. ಒಂದರಲ್ಲಿ ಕಿಟ್ಟವು ಮಲ. ಮತ್ತೊಂದರಲ್ಲಿ ಖಲವು ಮಲವಲ್ಲ, ದೇಹದ ಗಟ್ಟಿ ಭಾಗ. ಜೀವನ ಶಕ್ತಿ ಮತ್ತು ಕರ್ಮೋದಯಗಳ ನಿರೂಪಣೆಗಾಗಿ ಸಿದ್ಧಾಂತವು ಒಂದು ವಿಭಾಗವನ್ನು ಹೇಳಿತು. ಚಿಕಿತ್ಸೆಗಾಗಿ ವೈದ್ಯವು ಬೇರೊಂದು ಕ್ರಮವನ್ನು ಹೇಳಿತು. ಪ್ರಾಣಾವಾಯವನ್ನು ತನ್ನ ಮೂಲವೆಂದು ಸಾರಿದ ಉಗ್ರಾದಿತ್ಯನೂ ವೈದ್ಯದಲ್ಲಿ ಸಪ್ತಧಾತುಗಳನ್ನೇ ಅನುಸರಿಸಿದನು. ಎರಡನ್ನೂ ಬಲವಂತವಾಗಿ ಒಂದು ಮಾಡುವ ಅಗತ್ಯ ಪ್ರಾಚೀನರಿಗೆ ಕಂಡುಬರಲಿಲ್ಲ. ಅಸಾತಾವೇದನೀಯದ ಉದಯವು ರೋಗದ ಅಂತರಂಗ ಕಾರಣ, ಧಾತುದೋಷಗಳ ವೈಷಮ್ಯವು ಬಹಿರಂಗ ಕಾರಣ, ಔಷಧವು ನಿಮಿತ್ತ ಎಂಬ ವ್ಯವಸ್ಥೆಯಲ್ಲಿ ಒಂದೊಂದು ಮಾತಿಗೂ ಅದರದೇ ಕ್ಷೇತ್ರವಿದೆ. ನಯವಿವೇಕವೆಂದರೆ ಇದೇ. ಆಧುನಿಕ ವೈದ್ಯದೊಡನೆ ಹೋಲಿಸುವಾಗಲೂ ಈ ವಿವೇಕವೇ ದಾರಿತೋರಿಸಬೇಕು.

4

‘ಹಾರ್ಮೋನು’ ಎಂಬ ಪದವು ಇಂಗ್ಲೆಂಡಿನ ಸ್ಟಾರ್ಲಿಂಗ್ ಎಂಬ ಶಾರೀರವಿಜ್ಞಾನಿಯಿಂದ 1905ರಲ್ಲಿ ಬಳಕೆಗೆ ಬಂದಿತು. ನಿರ್ನಾಳ ಗ್ರಂಥಿಗಳು ನೇರವಾಗಿ ರಕ್ತಕ್ಕೆ ಬಿಡುವ, ದೂರದ ಅಂಗಗಳ ಕಾರ್ಯವನ್ನು ನಿಯಂತ್ರಿಸುವ ರಾಸಾಯನಿಕ ವಸ್ತುಗಳಿಗೆ ಆ ಹೆಸರು ಸಂದಿತು. ಥೈರಾಯ್ಡ್ ಗ್ರಂಥಿಯ ಥೈರಾಕ್ಸಿನ್ ದೇಹದ ಸಮಸ್ತ ಧಾತುಗಳಲ್ಲಿ ದಹನವೇಗವನ್ನು ನಿರ್ಧರಿಸುತ್ತದೆ. ಅದು ಕಡಮೆಯಾದರೆ ಮೈ ಭಾರವಾಗಿ, ಚಳಿ, ಜಡತೆ, ಮಲಬದ್ಧತೆಗಳು ಉಂಟಾಗುತ್ತವೆ. ಇನ್ಸುಲಿನ್ ಕೊರತೆಯಿಂದ ರಕ್ತದಲ್ಲಿ ಸಕ್ಕರೆ ಇದ್ದರೂ ಧಾತುಗಳು ಉಪವಾಸ ಬೀಳುತ್ತವೆ.

ಈ ವಿವರಣೆಯೊಡನೆ ಪ್ರಾಚೀನರ ಕೆಲವು ಅವಲೋಕನಗಳು ಆಶ್ಚರ್ಯಕರವಾಗಿ ಹೊಂದುತ್ತವೆ. ಅತಿಸ್ಥೂಲನಲ್ಲಿ ಮೇದಸ್ಸು ಮಾತ್ರ ಬೆಳೆದು ಉಳಿದ ಧಾತುಗಳು ಪೋಷಣೆಗೊಳ್ಳುವುದಿಲ್ಲವೆಂದು ಚರಕನು ಹೇಳುತ್ತಾನೆ. ಪ್ರಮೇಹವು ಇಪ್ಪತ್ತು ಬಗೆ (ಕಫಜ ಹತ್ತು, ಪಿತ್ತಜ ಆರು, ವಾತಜ ನಾಲ್ಕು). ಅದರಲ್ಲಿ ಜನ್ಮದಿಂದ ಬಂದುದು, ಅಪಥ್ಯದಿಂದ ಬಂದುದು ಎಂದು ಸುಶ್ರುತನು ವಿಂಗಡಿಸಿ, ಮೊದಲನೆಯ ರೋಗಿಯು ಕೃಶನೆಂದೂ ಎರಡನೆಯವನು ಸ್ಥೂಲನೆಂದೂ ತಿಳಿಸುತ್ತಾನೆ. ಒಂದೇ ಅನ್ನವು ಎಲ್ಲ ದೇಹಗಳಲ್ಲಿಯೂ ಒಂದೇ ಫಲವನ್ನು ಕೊಡದು, ಒಳಗಿನ ಪಾಕವು ಕೆಟ್ಟರೆ ಉಂಡ ಅನ್ನವೂ ಧಾತುವಾಗದು ಎಂಬ ತಿಳಿವಳಿಕೆ ಇವೆಲ್ಲಕ್ಕೂ ಮೂಲ. ಇಷ್ಟರ ಮಟ್ಟಿಗೆ ಸಾಮ್ಯವು ನಿಜವಾದುದು.

ಆದರೆ ಸಾಮ್ಯವು ಅಭೇದವಲ್ಲ. ಧಾತ್ವಗ್ನಿಯು ಧಾತುವಿನೊಳಗೇ ಇರುವುದು. ಹಾರ್ಮೋನು ಒಂದು ಗ್ರಂಥಿಯಲ್ಲಿ ಹುಟ್ಟಿ ಬೇರೆಡೆಗೆ ಹೋಗುವುದು. ಏಳು ಧಾತುಗಳಿಗೆ ಏಳು ಅಗ್ನಿಗಳು. ಥೈರಾಕ್ಸಿನ್ ಒಂದೇ ಆಗಿ ಎಲ್ಲ ಧಾತುಗಳ ಮೇಲೂ ವರ್ತಿಸುವುದು. ಗಲಗಂಡವೆಂಬುದು ಕೊರಳಿನ ಬಾವಿನ ಹೆಸರು. ಬಾವಿದ್ದವನಲ್ಲಿ ಥೈರಾಯ್ಡ್ ಸ್ರಾವವು ಕಡಮೆ ಇರಬಹುದು, ಹೆಚ್ಚಿರಬಹುದು, ಸರಿಯಾಗಿಯೂ ಇರಬಹುದು. ಆದಕಾರಣ ಗಲಗಂಡವನ್ನು ಥೈರಾಯ್ಡ್ ಸ್ರಾವದ ಕೊರತೆಯೆಂದು ಅನುವಾದಿಸುವುದು ಆಕಾರದ ಹೆಸರನ್ನು ಕಾರಣದ ಹೆಸರೆಂದು ಭ್ರಮಿಸಿದಂತಾಗುತ್ತದೆ. ಕಾಶ್ಯಪಸಂಹಿತೆಯ ರೇವತೀಕಲ್ಪದಲ್ಲಿ, ಋತುವಾದರೂ ಫಲವಿಲ್ಲದ, ಕೆನ್ನೆಗಳು ದಪ್ಪವಾಗಿ ರೋಮಗಳಿಂದ ಕೂಡಿದ ಸ್ತ್ರೀಯ ವರ್ಣನೆಯಿದೆ. ಇಂದಿನ ವೈದ್ಯರು ಇದನ್ನು 1935ರಲ್ಲಿ ಸ್ಟೈನ್, ಲೆವೆಂಥಾಲ್ ಎಂಬುವರು ವಿವರಿಸಿದ ಅಂಡಾಶಯದ ವಿಕಾರಕ್ಕೆ ಹೋಲಿಸುತ್ತಾರೆ. ಲಕ್ಷಣಗಳ ಹೋಲಿಕೆ ಸ್ಪಷ್ಟವಾಗಿಯೇ ಇದೆ. ಆದರೆ ಗ್ರಂಥವು ಅದಕ್ಕೆ ಹೇಳುವ ಕಾರಣ ಪುಷ್ಪಘ್ನೀ ಎಂಬ ಜಾತಹಾರಿಣಿಯೇ ಹೊರತು ಧಾತ್ವಗ್ನಿಯಲ್ಲ.

ಪರಿಭಾಷೆಯೂ ಓದುಗನನ್ನು ದಾರಿತಪ್ಪಿಸಬಲ್ಲದು. ಇನ್ಸುಲಿನ್ ಹುಟ್ಟುವ ಅಂಗಕ್ಕೆ ಆಧುನಿಕ ಕನ್ನಡದಲ್ಲಿ ‘ಮೇದೋಜೀರಕ ಗ್ರಂಥಿ’ ಎಂಬ ಹೆಸರು ರೂಢಿಯಾಗಿದೆ. ಇದು ಹೊಸಗಾಲದ ಪದವೆಂಬುದನ್ನು ಮರೆತವರಿಗೆ, ಮೇದೋಧಾತ್ವಗ್ನಿಯ ಸ್ಥಾನವನ್ನು ಪ್ರಾಚೀನರೇ ಅಲ್ಲಿ ಗುರುತಿಸಿದ್ದರೆಂದು ತೋರೀತು. ಹಾಗೆಯೇ ‘ಮಧುಮೇಹ’ವು ಇಂದು ಇಡೀ ರೋಗದ ಹೆಸರು, ಸಂಹಿತೆಗಳ ಗಣನೆಯಲ್ಲಿ ಅದು ನಾಲ್ಕು ವಾತಜಮೇಹಗಳಲ್ಲಿ ಒಂದು.

5

ಇವೆಲ್ಲವೂ ಗ್ರಂಥಸಂಪಾದನೆಗೆ ನೇರವಾಗಿ ಸಂಬಂಧಿಸಿದ ವಿಷಯಗಳು. ಹಳೆಯ ಓಲೆಗರಿಗಳಲ್ಲಿ ದಕಾರ ಧಕಾರಗಳ ಭೇದವು ಒಂದು ಸಣ್ಣ ಸೀಳಿನಷ್ಟು. ‘ಮೇದ’ವು ‘ಮೇಧ’ವಾಗಲು ಲೇಖಕನ ಕಂಠದ ಒಂದು ಗೀರು ಸಾಕು. ಇಂತಹ ಕಡೆ ಆಧುನಿಕ ರೋಗದ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡು ಪಾಠವನ್ನು ನಿರ್ಣಯಿಸಿದರೆ ಗ್ರಂಥವು ತನ್ನ ಮಾತನ್ನು ಬಿಟ್ಟು ಸಂಪಾದಕನ ಮಾತನ್ನು ಆಡತೊಡಗುತ್ತದೆ. ಹೋಲಿಕೆಯು ಟಿಪ್ಪಣಿಯಲ್ಲಿ ಇರಲಿ. ಪಾಠದಲ್ಲಿಯೂ ಅನುವಾದದಲ್ಲಿಯೂ ಇರಬಾರದು.

ಅನುಪಾನಗಳ ಪರಿಶೀಲನೆಯಿಂದ ಮತ್ತೊಂದು ಲಾಭವುಂಟು. ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದನೆನ್ನಲಾದ ಜಗದ್ದಳ ಸೋಮನಾಥನ (ಸು. 1150) ಕೃತಿಯಲ್ಲಿಯೂ ಚಿಕಿತ್ಸೆಯು ಮದ್ಯಮಾಂಸರಹಿತವಾದುದೇ. ಈ ಪರಂಪರೆಯ ಯಾವುದಾದರೂ ಪ್ರತಿಯಲ್ಲಿ ಪ್ರಮೇಹದ ಯೋಗಕ್ಕೆ ಜೇನು ಅನುಪಾನವಾಗಿ ಕಂಡುಬಂದರೆ, ಅನ್ಯಗ್ರಂಥಗಳಿಂದ ಬಂದ ಪ್ರಕ್ಷೇಪವೋ ಎಂದು ವಿಚಾರಿಸಬೇಕು. ಸಾಧಾರಣ ಸಂಗ್ರಹದ ಪ್ರತಿಯೊಂದರಲ್ಲಿ ಜೇನಿನ ಸ್ಥಾನದಲ್ಲೆಲ್ಲ ಬೇರೆ ಅನುಪಾನವಿದ್ದರೆ, ಲಿಪಿಕಾರನು ಶ್ರಾವಕನಾಗಿದ್ದನೋ ಎಂದು ಊಹಿಸಬಹುದು. ಭಂಡಾರಗಳಲ್ಲಿರುವ ವೈದ್ಯದ ಬಿಡಿ ಓಲೆಗಳನ್ನು ಸೂಚಿಗೆ ಸೇರಿಸುವಾಗ ರೋಗದ ಹೆಸರಿನ ಜೊತೆಗೆ ಅನುಪಾನವನ್ನೂ ಗುರುತಿಸಿಕೊಂಡರೆ ಪ್ರತಿಗಳ ಸಂಬಂಧವನ್ನು ನಿರ್ಣಯಿಸಲು ಸಹಾಯವಾಗುತ್ತದೆ.

ಕೊನೆಯದಾಗಿ, ದ್ರವ್ಯಸಾಮಾನ್ಯ, ಗುಣಸಾಮಾನ್ಯಗಳ ವಿಚಾರವು ಹಾರ್ಮೋನುಗಳ ಇತಿಹಾಸದಲ್ಲಿ ಮತ್ತೊಮ್ಮೆ ತಲೆದೋರಿತು. 1891ರಲ್ಲಿ ಇಂಗ್ಲೆಂಡಿನ ಮರ್ರೆ ಎಂಬ ವೈದ್ಯನು ಥೈರಾಯ್ಡ್ ಕೊರತೆಯ ರೋಗಿಗೆ ಕುರಿಯ ಥೈರಾಯ್ಡ್ ಗ್ರಂಥಿಯ ಸಾರವನ್ನೇ ಕೊಟ್ಟನು. 1921ರಲ್ಲಿ ಕೆನಡಾದ ಬ್ಯಾಂಟಿಂಗ್, ಬೆಸ್ಟ್ ಅವರ ಶೋಧದಿಂದ ದೊರೆತ ಇನ್ಸುಲಿನ್ ಬಹುಕಾಲ ದನ ಮತ್ತು ಹಂದಿಗಳ ಅಂಗದಿಂದ ತಯಾರಾಗುತ್ತಿತ್ತು. ಗ್ರಂಥಿಯ ಕೊರತೆಗೆ ಗ್ರಂಥಿ; ಸಮಾನದಿಂದ ಸಮಾನದ ವೃದ್ಧಿ. ಅಹಿಂಸಾವ್ರತಿಯಾದ ರೋಗಿಗೆ ಅಂದು ಒದಗಿದ ಧರ್ಮಸಂಕಟವು ನೃಪತುಂಗನ ಸಭೆಯ ಪ್ರಶ್ನೆಯೇ ಆಗಿತ್ತು. ಥೈರಾಕ್ಸಿನ್ನಿನ ರಚನೆಯನ್ನು ಹ್ಯಾರಿಂಗ್ಟನ್ ನಿರ್ಣಯಿಸಿ, ಬಾರ್ಜರ್ ಜೊತೆಗೂಡಿ 1927ರಲ್ಲಿ ಅದರ ಕೃತಕ ನಿರ್ಮಾಣವನ್ನು ಪ್ರಕಟಿಸಿದನು. ಜೀವಾಣುಗಳ ಮೂಲಕ ತಯಾರಿಸಿದ ಮಾನವ ಇನ್ಸುಲಿನ್ 1982ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅಲ್ಲಿಯೂ ಬೇಕಾಗಿದ್ದುದು ಪಶುವಿನ ಅಂಗವಲ್ಲ, ಆ ವಸ್ತುವಿನ ಗುಣ ಎಂಬುದು ಸಿದ್ಧವಾಯಿತು. ಇದು ಹೋಲಿಕೆ ಮಾತ್ರ. ಉಗ್ರಾದಿತ್ಯನು ಇದನ್ನು ಮುಂಗಂಡಿದ್ದನೆಂದು ಹೇಳುವುದು ಅವನಿಗೂ ವಿಜ್ಞಾನಕ್ಕೂ ನ್ಯಾಯವಲ್ಲ.

ಈ ವಿವೇಚನೆಯಿಂದ ವ್ಯವಹಾರದಲ್ಲಿಯೂ ಒಂದು ನಿಶ್ಚಯವು ದೊರೆಯುತ್ತದೆ. ಸ್ಥೌಲ್ಯಕ್ಕೂ ಅಪಥ್ಯದಿಂದ ಬಂದ ಪ್ರಮೇಹಕ್ಕೂ ಪ್ರಾಚೀನರು ಹೇಳಿದ ಮಿತಾಹಾರ, ನಡಿಗೆ, ಕಿರುಧಾನ್ಯಗಳ ಪಥ್ಯವು ಇಂದಿಗೂ ಆದರಣೀಯ. ಆದರೆ ಇನ್ಸುಲಿನ್ ದೇಹದಲ್ಲಿ ಹುಟ್ಟುವುದೇ ನಿಂತುಹೋದ ಬಾಲಕನಿಗೆ ಆ ಇನ್ಸುಲಿನ್ನನ್ನೇ ಕೊಡಬೇಕು. ಥೈರಾಯ್ಡ್ ಗ್ರಂಥಿಯು ನಿಷ್ಕ್ರಿಯವಾದ ತಾಯಿಗೆ ಥೈರಾಕ್ಸಿನ್ನನ್ನೇ ಕೊಡಬೇಕು. ಧಾತ್ವಗ್ನಿಯೂ ಹಾರ್ಮೋನೂ ಒಂದೇ ಎಂಬ ಮಾತನ್ನು ನಂಬಿ ದೀಪನಪಾಚನಗಳಿಂದಲೇ ಸಾಕೆಂದು ಅವನ್ನು ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಕೊನೆಯ ಎರಡನ್ನೂ ವೈದ್ಯಗ್ರಂಥದ ಸಂಪಾದಕನು ಒಟ್ಟಿಗೆ ಮಾಡುತ್ತಾನೆ. ಶಾಸ್ತ್ರದಾನವು ಶುದ್ಧವಾಗಿದ್ದರೆ ಮಾತ್ರ ಭೈಷಜ್ಯದಾನವು ಅಭಯದಾನವಾಗುತ್ತದೆ.